ಚೆಲುವಿನ ಬೆಲೆಯನ್ನು ತೆರುವವರಾರು?

ನಮ್ಮ ನಾಲ್ಕನೆಯ ಇಯತ್ತೆಯ ಬಾಲಕನೊಬ್ಬನು ಒಂದು ದಿನ ಬಣ್ಣದ ಚಿತ್ರವೊಂದನ್ನು ತಂದು ಮೇಜಿನ ಮೇಲಿರಿಸಿ, “ಗುರುಗಳೇ, ಇಂಥ ಹಲ್ಲಿ ನಿಜವಾಗಿಯೂ ಇರುತ್ತದೆಯೇ?” ಎಂದು ಕೇಳಿದನು. ನಿಂಬೆಯ ಹಳದಿಯ ಮೇಲೆ ಮಂಜು ಕವಿದಂತೆ ಬೆಳ್ಳಗೆ ಹೊಳೆಯುವ ಹಲ್ಲಿಯ ಚಿತ್ರವದು. ಇರುತ್ತದೆ, ಆದರೆ ಮನುಷ್ಯನು ಬೆಳೆಸಿದ ತಳಿ ಎಂದೆವು. “ಬಣ್ಣ ಬಳಿದಿದ್ದಾರೆಯೇ?” ಎಂದನು. ಬಳಿದ ಬಣ್ಣವಾಗಿದ್ದರೆ ತೊಳೆಯಬಹುದಿತ್ತು. ಇದು ರಕ್ತದಲ್ಲಿ ಬೆರೆತು ಬಂದ ಬಣ್ಣ. ಆ ಬಾಲಕನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ಈ ಪ್ರಾಣಿಯನ್ನು ಲೆಪರ್ಡ್ ಗೆಕ್ಕೊ ಎನ್ನುತ್ತಾರೆ. ನಾವು ಚಿರತೆಹಲ್ಲಿ ಎನ್ನೋಣ. ಅಫಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಕಲ್ಲುನೆಲ ಇದರ ತವರು. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಹತ್ತಿರದ ಬಂಧುವೊಂದು ಗುಜರಾತ, ಮಹಾರಾಷ್ಟ್ರಗಳಲ್ಲಿಯೂ ಇದೆ. ನಮ್ಮ ಮನೆಯ ಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ಆದರೆ ಗೋಡೆ ಹತ್ತುವ ಶಕ್ತಿ ಇದಕ್ಕಿಲ್ಲ. ಹಗಲೆಲ್ಲ ಕಲ್ಲಿನಡಿ ಅಡಗಿದ್ದು, ಕತ್ತಲಾದ ಮೇಲೆ ಹುಳುಹುಪ್ಪಟೆಗಳನ್ನು ಬೇಟೆಯಾಡುತ್ತದೆ. ಹಸಿವಿನ ದಿನಗಳಿಗೆಂದು ದಪ್ಪ ಬಾಲದಲ್ಲಿ ಕೊಬ್ಬನ್ನು ಕೂಡಿಡುತ್ತದೆ. ಹಳದಿ ಮೈಯ ಕಪ್ಪು ಚುಕ್ಕೆಗಳು ಕಲ್ಲುಮಣ್ಣಿನ ನಡುವೆ ಅದನ್ನು ವೈರಿಯ ಕಣ್ಣಿನಿಂದ ಮರೆಮಾಡುತ್ತವೆ. ಅಲ್ಲಿ ಬಣ್ಣವು ಪ್ರಾಣಿಯ ಸೇವಕ.

ಸಾಧುವಾದ ಈ ಪ್ರಾಣಿಯನ್ನು ಅಮೆರಿಕ, ಯುರೋಪುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರು ಬಹಳ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೊಟ್ಟೆ. ಮೊಟ್ಟೆಗಳನ್ನು ಸುಮಾರು 26 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಹುಟ್ಟುವ ಮರಿಗಳು ಬಹುಪಾಲು ಹೆಣ್ಣು. 32ರ ಮೇಲೆ ಸ್ವಲ್ಪ ಏರಿಸಿದರೆ ಹೆಚ್ಚಿನವು ಗಂಡು. ಹೀಗೆ ಮರಿಯ ಲಿಂಗವೂ ಸಾಕುವವನ ಕೈಯಲ್ಲಿದೆ. ವಂಶವಾಹಿಯಲ್ಲಿ ಅಕಸ್ಮಾತ್ತಾಗಿ ಒಂದು ಉತ್ಪರಿವರ್ತನೆ ಉಂಟಾಗಿ ಅಪೂರ್ವ ಬಣ್ಣದ ಮರಿ ಹುಟ್ಟಿತೆಂದರೆ, ಅದನ್ನು ಮತ್ತೆ ಮತ್ತೆ ಕೂಡಿಸಿ ಹೊಸ ತಳಿಯನ್ನು ಮಾಡುತ್ತಾರೆ. ಅಪೂರ್ವವಾದಷ್ಟೂ ಬೆಲೆ ಹೆಚ್ಚು.

2006ರಲ್ಲಿ ‘ಎನಿಗ್ಮಾ’, ಅಂದರೆ ಒಗಟು, ಎಂಬ ತಳಿ ಕಾಣಿಸಿಕೊಂಡಿತು. ಅದರ ಚುಕ್ಕೆಗಳ ವೈಚಿತ್ರ್ಯಕ್ಕೆ ಜನ ಮರುಳಾದರು. ಆದರೆ ಈ ತಳಿಯ ಹಲ್ಲಿಗಳಲ್ಲಿ ಅನೇಕವು ಇದ್ದಲ್ಲೇ ಗಿರಗಿರನೆ ಸುತ್ತುತ್ತವೆ. ತಲೆ ವಾರೆಮಾಡಿ ಆಕಾಶವನ್ನೇ ನೋಡುತ್ತವೆ. ಎದುರಿಗಿರುವ ಹುಳುವನ್ನು ಹಿಡಿಯಹೋಗಿ ಗುರಿ ತಪ್ಪುತ್ತವೆ. ಬಣ್ಣದ ಜೊತೆಯಲ್ಲಿ ನರಗಳ ದೋಷವೂ ಬಂದಿತ್ತು.

ಬಾಲಕನು ತಂದ ಚಿತ್ರದ್ದು ಅದರ ಅನಂತರ ಬಂದ ‘ಲೆಮನ್ ಫ್ರಾಸ್ಟ್’, ಅಂದರೆ ನಿಂಬೆಯ ಹಿಮ. ಬೆಳಕನ್ನು ಹಿಂದಕ್ಕೆ ಎಸೆಯುವ ಬಿಳಿಯ ವರ್ಣಕೋಶಗಳು ಚರ್ಮದಲ್ಲಿ ಅಧಿಕವಾಗಿರುವುದೇ ಈ ಹೊಳಪಿನ ಗುಟ್ಟು. ಆ ಕೋಶಗಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಅವೇ ಬಿಳಿಯ ಗಡ್ಡೆಗಳಾಗುತ್ತವೆ. ಕ್ಯಾಲಿಫೋರ್ನಿಯದ ವಿಜ್ಞಾನಿಗಳು ತಳಿಗಾರರ ನೆರವಿನಿಂದಲೇ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಹಲ್ಲಿಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚಿನವಕ್ಕೆ ಚರ್ಮದ ಗಡ್ಡೆಗಳು ಬಂದಿದ್ದವು. ಬಣ್ಣದ ಸುಳಿವು ಹಿಡಿದು ಹೋದವರಿಗೆ ಸಿಕ್ಕಿದ ವಂಶವಾಹಿಯು ಗಡ್ಡೆಗಳೊಡನೆಯೂ ಸಂಬಂಧವುಳ್ಳದ್ದೇ ಆಗಿತ್ತು. ಮನುಷ್ಯರ ಚರ್ಮದ ಅರ್ಬುದರೋಗವನ್ನು ತಿಳಿಯಲು ಈ ಸಂಶೋಧನೆ ನೆರವಾದೀತು. ಅದು ಒಳಿತೇ. ಆದರೆ ಆ ತಳಿಯನ್ನು ಬೆಳೆಸಿದ್ದು ಮಾತ್ರ ಜ್ಞಾನಕ್ಕಾಗಿ ಅಲ್ಲ, ನೋಟಕ್ಕಾಗಿ.

ಇದರಲ್ಲಿ ತಪ್ಪೇನು ಎಂದು ಕೇಳುವವರುಂಟು. ಮನುಷ್ಯನು ತಳಿ ಆರಿಸುತ್ತಲೇ ಬಂದಿದ್ದಾನೆ. ನಮ್ಮ ಸೊಲ್ಲಾಪುರ ಸೀಮೆಯ ಖಿಲ್ಲಾರಿ ಎತ್ತೂ ಹಾಗೆಯೇ ಬಂದುದಲ್ಲವೇ? ಅಹುದು. ಆದರೆ ಒಂದು ಭೇದವಿದೆ. ಎತ್ತಿನ ಕಾಲು ಗಟ್ಟಿಯಿದ್ದರೆ ಮಾತ್ರ ಒಕ್ಕಲಿಗನ ಗಾಡಿ ನಡೆದೀತು; ಅದರ ಆರೋಗ್ಯದಲ್ಲಿಯೇ ಅವನ ಲಾಭವಿದೆ. ಬರಿಯ ಬಣ್ಣಕ್ಕಾಗಿ ಸಾಕಿದ ಹಲ್ಲಿಯಾದರೋ ನರಳುತ್ತಿದ್ದರೂ ಚಿತ್ರದಲ್ಲಿ ಚೆಲುವಾಗಿಯೇ ಕಾಣುತ್ತದೆ. ಒಡೆಯನ ಸುಖವು ಪ್ರಾಣಿಯ ಸುಖವನ್ನು ಬಿಟ್ಟು ನಡೆಯತೊಡಗಿದಲ್ಲಿ ನಾವು ಎಚ್ಚರಗೊಳ್ಳಬೇಕು. ಯಾವ ಬಾಧೆಯನ್ನೂ ತಾರದ ಬಣ್ಣವನ್ನು ಬೆಳೆಸಿದರೆ ನಮ್ಮ ತಕರಾರು ಅಷ್ಟಿಲ್ಲ.

ಇನ್ನೊಂದು ವಾದ ಹೆಚ್ಚು ಸೂಕ್ಷ್ಮವಾದುದು. ತಳಿಗಾರನು ಕೂಡಿಸದಿದ್ದರೆ ಆ ಹಲ್ಲಿ ಹುಟ್ಟುತ್ತಲೇ ಇರಲಿಲ್ಲ. ರೋಗವಿದ್ದರೂ ಬದುಕು ಕೊಟ್ಟವನು ಅವನೇ ಅಲ್ಲವೇ? ನಾವು ಇದನ್ನು ಬಹಳ ಆಲೋಚಿಸಿದೆವು. ಹುಟ್ಟದಿರುವ ಹಲ್ಲಿ ಎಲ್ಲಿಯೋ ಬಾಗಿಲ ಹೊರಗೆ ನಿಂತು ಜನ್ಮಕ್ಕಾಗಿ ಬೇಡುತ್ತಿಲ್ಲ. ಅದನ್ನು ಹುಟ್ಟಿಸದಿದ್ದರೆ ಯಾರಿಗೂ ನಷ್ಟವಿಲ್ಲ. ಹುಟ್ಟಿದ ಮೇಲಾದರೋ ನೋಯುವ ಒಂದು ಮೈ ಇದೆ. ಜೀವ ಕೊಟ್ಟವನು ಸಾಲಿಗನಲ್ಲ, ಹೊಣೆಗಾರ.

ಮೊದಲ ಮರಿಯು ಪ್ರಕೃತಿಯ ಆಕಸ್ಮಿಕ. ಅದಕ್ಕೆ ಯಾರನ್ನೂ ದೂರಲಾಗದು. ಅದರ ಮೈಮೇಲೆ ಗಡ್ಡೆಯನ್ನು ಕಂಡ ಮೇಲೆಯೂ ಎರಡನೆಯ ಸಲ ಕೂಡಿಸಿದರೆ ಅದು ಮನುಷ್ಯನ ನಿರ್ಧಾರ. ಅರಿಯದೆ ಆದುದು ತಪ್ಪೆನಿಸಬಹುದು. ಅರಿತು ಮಾಡಿದ್ದಕ್ಕೆ ಬೇರೆ ಹೆಸರಿದೆ. ಮಾರುವವನಿಗೆ ಮಾತ್ರವಲ್ಲ, ತಿಳಿದೂ ಕೊಳ್ಳುವವನಿಗೂ ಇದರಲ್ಲಿ ಪಾಲುಂಟು. ಕೊಳ್ಳುವ ಕೈ ಇಲ್ಲದಿದ್ದರೆ ತಳಿ ನಡೆಯದು.

ಇದನ್ನೆಲ್ಲ ಬಾಲಕನಿಗೆ ಸರಳವಾಗಿ ಹೇಳಿದೆವು. ಅವನು ಚಿತ್ರವನ್ನು ಮತ್ತೊಮ್ಮೆ ನೋಡಿ, “ಅದಕ್ಕೆ ತಾನು ಚೆಂದ ಇದ್ದೇನೆಂದು ಗೊತ್ತೇ, ಗುರುಗಳೇ?” ಎಂದು ಕೇಳಿದನು. ಗೊತ್ತಿಲ್ಲ ಎಂದೆವು. “ನೋವು?” ಎಂದನು. ಅದು ಗೊತ್ತಾಗುತ್ತದೆ ಎಂದೆವು. ಅವನು ಚಿತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತನ್ನ ಸ್ಥಳಕ್ಕೆ ಹೋಗಿ ಕುಳಿತನು.