ಭಾರ ಹಂಚಿಕೊಳ್ಳುವ ನೀರು

ಸೊಂಟದ ಕೀಲು ಸವೆದ ಲ್ಯಾಬ್ರಡಾರ್, ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಹಿಂಗಾಲು ಎಳೆಯುವ ಡ್ಯಾಶ್‌ಹುಂಡ್: ಇಂಥವನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ, ಟ್ರೆಡ್‌ಮಿಲ್ ಮೇಲೆ ನಡೆಸುವ ಚಿಕಿತ್ಸೆಯ ವಿಚಾರ ನಮಗೀಗ ಹೊಸದಲ್ಲ. 'ನಾಯಿಗೂ ಈಜುಕೊಳವೇ?' ಎಂದು ನಕ್ಕುಬಿಡುವುದು ಸುಲಭ. ಆದರೆ ಅಲ್ಲಿ ನೀರು ಮಾಡುವ ಕೆಲಸವಾದರೂ ಏನು?

ನಾಯಿಯ ಬದಲು ನೀರು ನಡೆಯುವುದಿಲ್ಲ. ಅದರ ಭಾರದಲ್ಲಿ ಒಂದು ಪಾಲನ್ನು ತಾನು ಹೊರುತ್ತದೆ, ಅಷ್ಟೇ. ನೀರು ಹಿಂಗಾಲಿನ ಮಂಡಿಯವರೆಗೆ ಇದ್ದಾಗ ಕಾಲುಗಳಿಗೆ ದೇಹತೂಕದ ಸುಮಾರು ಶೇ. 85ರಷ್ಟು ಭಾರ, ಸೊಂಟದ ಮಟ್ಟಕ್ಕೇರಿದರೆ ಶೇ. 38ರಷ್ಟು ಮಾತ್ರ. ಹೀಗೆ ಎತ್ತಿ ಹಿಡಿಯುವ ನೀರೇ ಹೆಜ್ಜೆಗೆ ಎದುರಾಗಿಯೂ ನಿಲ್ಲುತ್ತದೆ, ಸೊರಗಿದ ಸ್ನಾಯುವನ್ನು ದುಡಿಸುತ್ತದೆ. ಕಾಲು ಬಲಿತಂತೆಲ್ಲ ನೀರಿನ ಮಟ್ಟವನ್ನು ಇಳಿಸುತ್ತಾರೆ. ನಾವು ನಮ್ಮವರಿಗೆ ಕೊಡುವ ಆಸರೆಗೆ ಈ ಅಳತೆ ತಿಳಿದಿದೆಯೇ? ಎಷ್ಟು ಹೊರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ಎಚ್ಚರ ನಮಗಿದೆಯೇ?

ಬೆಕ್ಕಿನ ಪಾಠ ಇನ್ನೊಂದು ಬಗೆಯದು. ನೀರೆಂದರೆ ಹಿಂಜರಿಯುವ ಅದನ್ನು ಮೊದಲು ಬರಿದಾದ ತೊಟ್ಟಿಗೆ ಪರಿಚಯಿಸಬೇಕು. ಒಪ್ಪಿದರೆ ಪಾದ ನೆನೆಯುವಷ್ಟು ನೀರು, ಒಪ್ಪದಿದ್ದರೆ ಒಣನೆಲದ ವ್ಯಾಯಾಮ. ಒಳಿತು ಮಾಡುವವರಿಗೂ ಅಪ್ಪಣೆ ಬೇಕಲ್ಲವೇ?

ಬೆಂಗಳೂರಿನ ಮಹದೇವಪುರದಲ್ಲಿ ಕೂತು ಈ ನೀರಿನ ಚಿಕಿತ್ಸೆಯ ಬಗ್ಗೆ ಯೋಚಿಸುವಾಗ ಮನಸ್ಸು ತುಸು ಚುಚ್ಚುತ್ತದೆ. ವರ್ತೂರು, ಬೆಳ್ಳಂದೂರು ಕೆರೆಗಳು ನೊರೆಯುಗುಳಿದ್ದನ್ನು ಕಂಡವರು ನಾವು. ಟ್ಯಾಂಕರಿನ ದಾರಿ ಕಾದವರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದಿತು. ಇಂಥ ಊರಿನಲ್ಲಿ ನಾಯಿಯ ಕಾಲಿಗೆ ನೀರು ತುಂಬಿಸುವುದು ದುಂದಲ್ಲವೇ? ಸೋಸಿ ಮತ್ತೆ ಮತ್ತೆ ಬಳಸಬಹುದಾದ ಆ ನೀರಿನ ಲೆಕ್ಕ ದೊಡ್ಡದಲ್ಲ. ಕೇಳಿಕೊಳ್ಳಬೇಕಾದ ಲೆಕ್ಕ ಬೇರೆಯೇ ಇದೆ: ಅಪಾರ್ಟ್‌ಮೆಂಟಿನ ಗೇಟಿನೊಳಗಿನ ನಾಯಿಗೆ ಇಷ್ಟು ಆರೈಕೆ, ಗೇಟಿನಾಚೆ ವಾಹನ ಬಡಿದು ಕುಂಟುವ ನಾಯಿಗೆ?

ಬೆಂಗಳೂರಿನಲ್ಲಿ 1991ರಿಂದ ದುಡಿಯುತ್ತಿರುವ 'ಕ್ಯೂಪಾ'ದಂಥ ಸಂಸ್ಥೆಗಳು ದಿಕ್ಕಿಲ್ಲದ ಪ್ರಾಣಿಗಳಿಗೆ ಆಸರೆಯಾಗಿವೆ ನಿಜ. ಹಾಗೆಂದು ಎಲ್ಲವನ್ನೂ ಅವುಗಳ ಹೆಗಲಿಗೇ ಹಾಕುವುದು ನ್ಯಾಯವೇ? ಬೀದಿಯ ಒಂದು ನಾಯಿಯ ಪೂರ್ತಿ ಹೊಣೆ ಹೊರಲು ನಮ್ಮಲ್ಲಿ ಹೆಚ್ಚಿನವರಿಗೆ ಆಗದು. ಒಂದು ಪಾಲನ್ನಂತೂ ಹೊರಬಹುದು. ಒಬ್ಬರು ವಾಹನ ಕೊಡಲಿ, ಒಬ್ಬರು ಪಶುವೈದ್ಯರ ಶುಲ್ಕ ಭರಿಸಲಿ, ಮತ್ತೊಬ್ಬರು ಗಾಯ ಮಾಯುವವರೆಗೆ ಅನ್ನ ಹಾಕಲಿ. ನಡೆಯುವ ಕೆಲಸವನ್ನು ಆ ನಾಯಿ ತಾನೇ ನೋಡಿಕೊಳ್ಳುತ್ತದೆ.