ಕೊರಕಲಿನ ತಪ್ಪು ಯಾರದು?

ಹೊಲದಲ್ಲಿ ಕೊರಕಲು ಬಿದ್ದಾಗ ಒಕ್ಕಲಿಗನು, "ಮಳೆ ಮಾಡಿದ್ದಕ್ಕೆ ನಾವೇನು ಮಾಡೋಣ?" ಎಂದು ಹೇಳುವದುಂಟು. ಈ ಮಾತು ಸುಳ್ಳಲ್ಲ. ಪೂರ್ಣ ಸತ್ಯವೂ ಅಲ್ಲ. ಪ್ರಿಯ ವಾಚಕರೇ, ಪ್ರಕೃತಿಯೂ ಮನುಷ್ಯನೂ ಕೂಡಿ ಮಾಡಿದ ಕೇಡಿಗೆ ಮನುಷ್ಯನು ಎಷ್ಟರ ಮಟ್ಟಿಗೆ ಉತ್ತರವಾದಿಯು ಎಂಬದನ್ನು ವಿಜಯಪುರ ಸೀಮೆಯ ಎರೆಹೊಲವನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸೋಣ.

ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ನೆನೆದ ಮೇಲಾದರೋ ಉಬ್ಬಿ, ಬಿರುಕುಗಳು ಮುಚ್ಚಿಕೊಂಡು, ನೀರನ್ನು ಬಹು ನಿಧಾನವಾಗಿ ಕುಡಿಯುತ್ತದೆ. ಆಗ ಬೀಳುವ ದೊಡ್ಡ ಮಳೆಯು ಒಳಗೆ ಇಂಗದೆ ಇಳಿಜಾರು ಹಿಡಿದು ಓಡುತ್ತದೆ. ವರ್ಷಕ್ಕೆ ಸುಮಾರು 600 ಮಿಲ್ಲಿಮೀಟರಿನಷ್ಟೇ ಮಳೆಯಾಗುವ ನಾಡಿನಲ್ಲಿ ಇಷ್ಟು ಕೇಡು ಹೇಗೆ? ಅದು ಹಂಚಿ ಬೀಳದೆ ಕೆಲವೇ ಬಿರುಸಾದ ಮಳೆಗಳಲ್ಲಿ ಸುರಿಯುವದೇ ಕಾರಣ. ನೀರಿನ ವೇಗವು ಎರಡರಷ್ಟಾದರೆ ಮಣ್ಣು ಕೊರೆಯುವ ಅದರ ಬಲವು ಸುಮಾರು ನಾಲ್ಕರಷ್ಟಾಗುತ್ತದೆ.

ಇನ್ನು ಮನುಷ್ಯನ ಪಾಲು. ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುವದರಿಂದ ಅದಕ್ಕೆ ಮುಂಚಿನ ಮಳೆಯ ಹೊಡೆತವನ್ನು ಬರಿಮೈಯ ಹೊಲವೇ ತಾಳಬೇಕು. ಇದು ಸೋಮಾರಿತನವಲ್ಲ, ತೇವವನ್ನು ಕೂಡಿಡುವ ಹಳೆಯ ಜಾಣತನ. ಆದಾಗ್ಯೂ ಆ ಹೊಲದಲ್ಲಿ ಇಳಿಜಾರಿಗುಂಟ ನೇಗಿಲು ಹೊಡೆದರೆ ಪ್ರತಿಯೊಂದು ಸಾಲೂ ನೀರಿಗೆ ಕಾಲುವೆಯಾಗುವದು. ಬಂಡಿಯ ಜಾಡು, ದನಗಳು ಹಳ್ಳಕ್ಕಿಳಿಯುವ ದಾರಿ, ಬದುವಿನ ಕರಿಕೆಯನ್ನು ಕೆತ್ತಿ ಒಂದು ಸಾಲು ಹೆಚ್ಚು ಬಿತ್ತುವ ಆಸೆ, ಇವೂ ಹಾಗೆಯೇ. (ಆ ಒಂದು ಸಾಲಿನ ಜೋಳವು ಎಷ್ಟು ರೊಟ್ಟಿಗಾದೀತೋ, ಲೆಕ್ಕ ಹಾಕಿದವರನ್ನು ಕಾಣೆನು!)

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನೀರು ಕೆಳಗೆ ಹರಿಯುತ್ತದೆ. ಕೊರಕಲಾದರೋ ಮೇಲಕ್ಕೆ ಏರುತ್ತದೆ. ಹೇಗಂದರೆ, ನೀರು ಧುಮುಕುವ ಅಂಚಿನಲ್ಲಿ ಬುಡದ ಮಣ್ಣು ಕೊಚ್ಚಿಹೋಗಿ ಮೇಲಿನ ದಡವು ಆಧಾರವಿಲ್ಲದೆ ಕುಸಿಯುತ್ತದೆ. ಹೀಗೆ ಕೊರಕಲಿನ ತಲೆಯು ಮಳೆಯಿಂದ ಮಳೆಗೆ ಹಿಂದಕ್ಕೆ ಸರಿಯುತ್ತಾ ಮೇಲಿನ ಹೊಲವನ್ನು ಹೊಗುತ್ತದೆ. ಮೇಲಿನವನು ಬಿಟ್ಟ ನೀರು ಕೆಳಗಿನವನನ್ನು ಕೆಡಿಸುವಂತೆಯೇ, ಕೆಳಗಿನವನು ಹಳ್ಳದ ದಡವನ್ನು ಅಗೆದು ಮಣ್ಣು ಒಯ್ದರೆ ಮೇಲಿನವನ ಹೊಲವು ಬೀಳುವದು. ಎಲ್ಲೆಯ ಕಲ್ಲು ಹೊಲಗಳನ್ನು ಬೇರ್ಪಡಿಸುತ್ತದೆ, ಕೇಡನ್ನಲ್ಲ. ಆದಕಾರಣ ನನ್ನ ಹೊಲದಲ್ಲಿ ನಾನು ಏನು ಮಾಡಿದರೂ ನನ್ನ ಇಷ್ಟ ಎಂಬ ವಾದವು ನಿಲ್ಲದು.

ಒಳ್ಳೇ ಮನಸ್ಸಿನಿಂದ ಮಾಡಿದ್ದಕ್ಕೆ ದೋಷವಿಲ್ಲವೆಂದು ಕೆಲವರು ಹೇಳುವರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಸೀಮೆಯಲ್ಲಿ 1942ರ ಭೂಸುಧಾರಣೆಯ ಕಾಯಿದೆಯ ತರುವಾಯ ಸಮಪಾತಳಿಯ ಒಡ್ಡುಗಳನ್ನು ಹಾಕಿದರು. ಹಗುರವಾದ ಮಣ್ಣಿನಲ್ಲಿ ಅವು ಉಪಕಾರ ಮಾಡಿದವು. ಆಳವಾದ ಎರೆಯಲ್ಲಿ ಒಡ್ಡೇ ಬಿರಿದು, ನಿಂತ ನೀರು ನುಗ್ಗಿ, ಹೊಸ ಕೊರಕಲನ್ನು ತೋಡಿದ್ದೂ ಉಂಟು. ಅಂಥ ಭೂಮಿಗೆ ತುಸು ಇಳುಕಲುಳ್ಳ ಒಡ್ಡೂ ಹೆಚ್ಚಾದ ನೀರು ಹೋಗಲು ಹುಲ್ಲು ಬೆಳೆದ ಕೋಡಿಯೂ ಬೇಕು. ಸದುದ್ದೇಶವು ಮಣ್ಣಿನ ಗುಣವನ್ನು ಅರಿಯುವ ಶ್ರಮದಿಂದ ನಮ್ಮನ್ನು ಬಿಡಿಸಲಾರದು.

ಆದರೂ ಎಲ್ಲರ ಹೊಣೆಯು ಒಂದೇ ಸಮವಲ್ಲ. ಅಣ್ಣತಮ್ಮಂದಿರು ಪಾಲಾದಾಗ ಇಳಿಜಾರಿಗುಂಟ ಉದ್ದವಾದ ಪಟ್ಟಿಯು ಪಾಲಿಗೆ ಬಂದ ಬಡವನು ಅಡ್ಡ ಉಳುವದು ಹೇಗೆ? ಎತ್ತು ತಿರುಗಿಸಲಿಕ್ಕೂ ಅಲ್ಲಿ ಸ್ಥಳವಿರದು. ಎಡಬಲದವರು ಕೂಡಿ ಉಳಲು ಒಪ್ಪಿದ ಹೊರತು ಅವನನ್ನು ದೂಷಿಸುವದು ನ್ಯಾಯವಲ್ಲ. ಬೇಸಿಗೆಯಲ್ಲಿ, ಕೊರಕಲು ಇನ್ನೂ ಮೊಣಕಾಲುದ್ದ ಇರುವಾಗಲೇ, ಮೇಲಿನವನು ಕಲ್ಲು ಕೊಟ್ಟು, ಕೆಳಗಿನವನು ಆಳು ಕೊಟ್ಟು, ಅದಕ್ಕೆ ಅಡ್ಡಲಾಗಿ ತಗ್ಗಾದ ಕಲ್ಲೊಡ್ಡು ಇಟ್ಟರೆ, ಮುಂಗಾರಿನ ನೀರು ಬಂದ ಮೇಲೆ ಅದರ ಹಿಂದೆ ಹೂಳು ನಿಲ್ಲತೊಡಗುವದು.