ಆಮೇಲೆ ಕಳಿಸ್ತೀನಿ

ಪಿಎಚ್‌ಡಿ ಮಾಡುತ್ತಿದ್ದಾಗಿನ ಮಾತು. ಕೋಲಾರದ ಕಡೆಯ ಕೆಲವು ಹಳ್ಳಿಗಳಲ್ಲಿ ಕುಡಿಯುವ ನೀರಿನ ಬಗ್ಗೆ ಮನೆಮನೆಗೆ ಹೋಗಿ ಸರ್ವೆ ಮಾಡಿದ್ದೆ. ಜೂನಿಯರ್ ಒಬ್ಬಳು ಬಂದು, "ಸರ್, ನಿಮ್ಮ ಡೇಟಾ ಒಂದ್ಸಲ ಕೊಡ್ತೀರಾ?" ಅಂತ ಕೇಳಿದಳು. "ಇನ್ನೂ ಕ್ಲೀನ್ ಮಾಡಿಲ್ಲ, ಆಮೇಲೆ ಕಳಿಸ್ತೀನಿ" ಅಂದೆ. ಸುಳ್ಳು. ಕ್ಲೀನ್ ಮಾಡಿ ಮೂರು ತಿಂಗಳಾಗಿತ್ತು.

ನಾನೇನು ಜಿಪುಣನಲ್ಲ. ಬೈಕು ಕೇಳಿದ್ದರೆ ಕೀ ಕೊಡ್ತಿದ್ದೆ. ಇಲ್ಲಿ ಇದ್ದದ್ದು ಭಯ. ನನಗಿಂತ ಮೊದಲು ಅವಳು ಬರೆದುಬಿಟ್ಟರೆ?

ಈ ಭಯ ಗಾಳಿಯಿಂದ ಬಂದದ್ದಲ್ಲ. ಯುಜಿಸಿಯ 2018ರ ನಿಯಮಗಳನ್ನೇ ನೋಡಿ. ಒಂದು ಲೇಖನಕ್ಕೆ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ. 70ರಷ್ಟು ಅಂಕ, ಉಳಿದವರಿಗೆ ತಲಾ ಶೇ. 30. ಪಕ್ಕದ ರೂಮಿನವರಿಗೆ ಫೈಲು ಕೊಟ್ಟಿದ್ದಕ್ಕೆ ಕಾಲಂ ಇಲ್ಲ. 'ವಿದ್ಯೆ ಹಂಚಿದಷ್ಟೂ ಹೆಚ್ಚುತ್ತೆ' ಅಂತ ಸ್ಕೂಲಲ್ಲಿ ಕಲಿತದ್ದು ಪ್ರಮೋಷನ್ ಅರ್ಜಿ ತುಂಬುವಾಗ ನೆನಪಿಗೆ ಬರಲ್ಲ.

ಹೆಸರು ಉಳಿಯುತ್ತೆ ಅನ್ನೋ ಭರವಸೆ ಇದ್ದಲ್ಲಿ ಜನ ಧಾರಾಳವಾಗಿ ಕೊಡುತ್ತಾರೆ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ ಆರ್ಕೈವ್‌ನಲ್ಲಿ ಭೌತವಿಜ್ಞಾನಿಗಳು ಲೇಖನ ಅಚ್ಚಾಗುವ ಮೊದಲೇ ಎಲ್ಲರ ಮುಂದೆ ಇಡುತ್ತಾರೆ. ಅವರು ನಮಗಿಂತ ಒಳ್ಳೆಯವರು ಅಂತೇನಲ್ಲ. ಸಲ್ಲಿಸಿದ ತಾರೀಖು ದಾಖಲಾಗುತ್ತೆ, ಯಾರು ಮೊದಲು ಅನ್ನೋ ಜಗಳಕ್ಕೆ ಅದೇ ಸಾಕ್ಷಿ.

ಹಾಗಾದರೆ ತಪ್ಪೆಲ್ಲ ವ್ಯವಸ್ಥೆಯದೇ? ಹಾಗಂದುಕೊಂಡು ಬಹಳ ದಿನ ಹಾಯಾಗಿದ್ದೆ. ಆದರೆ 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ತಮ್ಮ ಲೇಖನವನ್ನು ಪರಿಚಯವೇ ಇಲ್ಲದ ಐನ್‌ಸ್ಟೈನ್‌ಗೆ ಅಂಚೆಯಲ್ಲಿ ಕಳಿಸಿದರಲ್ಲ, ಆಗ ಯಾವ ಭರವಸೆ ಇತ್ತು? ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ, ಬೋಸ್ ಹೆಸರಲ್ಲೇ ಪ್ರಕಟಿಸಿದರು. ಒಬ್ಬರು ನಂಬಿದರು, ಇನ್ನೊಬ್ಬರು ನಂಬಿಕೆ ಉಳಿಸಿಕೊಂಡರು. ಯಾವ ನಿಯಮವೂ ಅವರಿಂದ ಅದನ್ನು ಮಾಡಿಸಲಿಲ್ಲ.

ನಾನೂ ಅವಳಿಗೆ ಒಂದು ಮಾತು ಹೇಳಬಹುದಿತ್ತು: "ಕೊಡ್ತೀನಿ, ಆದ್ರೆ ನನ್ನ ಹೆಸರು ಹಾಕಮ್ಮ." ಖಂಡಿತ ಹಾಕುತ್ತಿದ್ದಳು. ಕೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.

ಕೊನೆಗೆ ಅವಳೇ ಆ ಹಳ್ಳಿಗಳಿಗೆ ಹೋಗಿ ಎಲ್ಲ ಮೊದಲಿನಿಂದ ಕೇಳಿ ಬರೆದುಕೊಂಡಳು. ವರ್ಷಗಳಾದ ಮೇಲೆ ಕಾಫಿ ಕುಡಿಯುತ್ತಾ, ಯಾವ ಕೋಪವೂ ಇಲ್ಲದೆ ಅಲ್ಲಿನ ಒಂದು ಮಾತು ಹೇಳಿದಳು. ನನಗೆ ಒಂದು ಗಂಟೆ ಕೂತು ಉತ್ತರ ಕೊಟ್ಟಿದ್ದ ಅಜ್ಜಿಯೊಬ್ಬರು, ಅವಳಿಗೂ ಕೆಲಸ ಬಿಟ್ಟು ಕೂತು ಎಲ್ಲ ಹೇಳಿದರಂತೆ. ನಾನು ನನ್ನದು ಅಂದುಕೊಂಡು ಬಚ್ಚಿಟ್ಟದ್ದನ್ನು ಆ ಅಜ್ಜಿ ಎರಡು ಸಲ ಪುಕ್ಕಟೆ ಕೊಟ್ಟಿದ್ದರು. ಹೊರಡುವಾಗ ಕೇಳಿದರಂತೆ:

"ಹೋದ ವರ್ಷ ಒಬ್ಬ ಹುಡುಗ ಬಂದು ಇದೇ ಕೇಳ್ಕೊಂಡು ಹೋದ್ನಲ್ಲಮ್ಮ. ನಿಮ್ಮೋರೇ ನಿಮ್ಗೆ ಹೇಳ್ಲಿಲ್ವಾ?"